ರೊಟ್ಟಿ ತಟ್ಟುವ ಸದ್ದು

ಡಿಸೆಂಬರ್ 4, ಬುಧವಾರ. ಬೆಳಗಿನ ಜಾವ

ಮತ್ತೆ ಅದೇ ಕನಸು. ಎತ್ಲಾ ಊರಿನ ಬುಧವಾರದ ಸಂತೆ. ಲಿಬ್ರಾದಾಳ ಅಂಗಡಿ ಮುಂದೆ ಸ್ಟೂಲ್ ಮೇಲೆ ಕೂತಿದ್ದೇನೆ. ತಟ್ಟೆ ಬರುತ್ತದೆ. ಮೆಮೆಲಾ, ಅವಳ ದಪ್ಪ ಜೋಳದ ರೊಟ್ಟಿ, ಮುರಿದು ಬಾಯಿಗಿಟ್ಟರೆ — ಸುಣ್ಣ. ಗೋಡೆಗೆ ಬಳಿಯುವ ಸುಣ್ಣ. ಉಗುಳುವ ಹಾಗಿಲ್ಲ, ಅವಳು ನೋಡುತ್ತಿದ್ದಾಳೆ. ನುಂಗುವ ಹಾಗೂ ಇಲ್ಲ. ಅವಳ ಅತ್ತೆ, ತೀರಿಹೋದ ಗಂಡನ ತಾಯಿ ದೋನ್ಯಾ ಚೋನಾ, ಕುರ್ಚಿಯಿಂದ ಎದ್ದು, ಹೇಗಿದೆ ಜೋಳದವನೇ ಅನ್ನುತ್ತಾಳೆ. ಬಾಯಿ ತೆರೆದರೆ ಬಿಳಿ ಪುಡಿ ಹಾರುತ್ತದೆ. ಮಾತು ಬರುವುದಿಲ್ಲ. ಸಂತೆಗೆ ಸಂತೆಯೇ ನಗುತ್ತದೆ.

ಎದ್ದು ನೀರು ಕುಡಿದೆ. ಚೀಲದ ಬಾಯಿ ಕಟ್ಟಿದೆಯಾ ನೋಡಿದೆ. ಕಟ್ಟಿದೆ. ಮಲಗುವ ಮೊದಲೂ ಕಟ್ಟಿತ್ತು.

ತಲೆಯಲ್ಲಿ ಸುತ್ತುವುದನ್ನೆಲ್ಲ ಬರೆದಿಡಿ, ನಿದ್ದೆ ಬರುತ್ತದೆ ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದ್ದು. ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ಯಾರೂ ಓದುವುದು ಬೇಡ. ನಿದ್ದೆಯಂತೂ ಬಂದಿಲ್ಲ.

ಚೀಲದಲ್ಲಿರುವುದು ಹೊಸ ಮುಸುಕಿನ ಜೋಳ. ಈ ಸಲದ್ದು. ಮೇಲಿನ ಹೊಲದ ಬಿಳಿ ಗುಂಡುಕಾಳು, ತೆನೆ ತೆನೆ ಕೈಯಲ್ಲೇ ಆರಿಸಿದ್ದು. ಮನೆಯಲ್ಲಿ ಇದರ ಒಂದು ರೊಟ್ಟಿಯೂ ಇನ್ನೂ ಆಗಿಲ್ಲ. ಹೊಸ ಜೋಳದ ಮೊದಲ ರೊಟ್ಟಿ ಮನೆಯವರ ಬಾಯಿಗೇ ಹೋಗಬೇಕು — ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಅಮ್ಮ ಇಲ್ಲ. ಈಗ ಮನೆಯವರು ಅಂದರೆ ನಾನು, ಕನೇಲೊ ನಾಯಿ.

ಇದನ್ನು ಲಿಬ್ರಾದಾಳಿಗೆ ಕೊಡುವುದು. ದುಡ್ಡು ಬೇಡ ಅನ್ನುವುದು. ಯಾಕೆ ಅಂತ ಕೇಳುತ್ತಾಳೆ. ಆಗ ಆ ಮಾತು ಹೇಳಿಬಿಡುವುದು.

ಯಾವ ಮಾತು ಅಂತ ಬರೆದುಕೊಂಡು ಅಭ್ಯಾಸ ಮಾಡೋಣ ಅಂದರೆ ಅದಕ್ಕೂ ಕೈ ಬರುತ್ತಿಲ್ಲ. ನನ್ನನ್ನು ಮದುವೆ ಆಗುತ್ತೀರಾ. ಬರೆದೆ. ನೋಡಿದರೆ ಭಯವಾಗುತ್ತದೆ...

ಪಿಕಪ್ ಹಾರ್ನ್ ಹೊಡೆಯಿತು.

ಅದೇ ದಿನ. ಸಂಜೆ

ಹೇಳಲಿಲ್ಲ.

ತಿಂದದ್ದು ಮಾತ್ರ ಚೆನ್ನಾಗಿತ್ತು. ಅದನ್ನು ಮೊದಲು ಬರೆಯಬೇಕು. ಅವಳು ಹಿಟ್ಟಿನ ಉಂಡೆ ತಗೊಂಡು ಅಂಗೈಯಲ್ಲಿ ತಟ್ಟಿ, ಉದ್ದುದ್ದಕ್ಕೆ ದಪ್ಪ ರೊಟ್ಟಿ ಮಾಡಿ, ಮಣ್ಣಿನ ಹಂಚಿಗೆ ಹಾಕಿ, ಅರೆಬೆಂದ ಮೇಲೆ ಅಂಚನ್ನು ಚಿವುಟಿ ಚಿವುಟಿ ಎತ್ತರಿಸುತ್ತಾಳೆ. ಬೆರಳು ಸುಡುವುದಿಲ್ಲವೇನೋ. ಒಳಗೆ ಹಂದಿ ಕೊಬ್ಬಿನ ಗಸಿ ಸವರಿ, ಅದರ ಮೇಲೆ ಬೆಣ್ಣೆಹಣ್ಣಿನ ಎಲೆ ಹಾಕಿ ಅರೆದ ಕರಿ ಬೀನ್ಸ್, ಅದರ ಮೇಲೆ ಉದುರು ಚೀಸ್. ಕೊನೆಗೆ ಹೊಗೆ ವಾಸನೆಯ ಮೆಣಸಿನಕಾಯಿ ಚಟ್ನಿ. ನನಗೆ ಅಂಚು ಕರುಕಲಾಗಬೇಕು. ಹೇಳಬೇಕಿಲ್ಲ, ಒಂದು ನಿಮಿಷ ಹೆಚ್ಚಿಗೆ ಬಿಡುತ್ತಾಳೆ. ಮೊದಲನೆಯದನ್ನು ತಿನ್ನುವಾಗ ನನ್ನ ತಲೆಯಲ್ಲಿ ಯಾವ ಯೋಚನೆಯೂ ಇರುವುದಿಲ್ಲ. ವಾರದಲ್ಲಿ ಅದೊಂದೇ ಹೊತ್ತು. ಎರಡನೆಯದಕ್ಕೆ ಕೈ ಹಾಕುವಾಗ ಪುನಃ ಶುರು.

ಇವತ್ತು ಹೂವಿನ ಅಂಗಡಿಯ ಹುಡುಗಿ, ಹದಿನೈದು ಇರಬಹುದು, ನಾನೂ ಒಂದು ತಟ್ಟುತ್ತೇನೆ ಅಂತ ಬಂದಳು. ತೆಳ್ಳಗಿನ ರೊಟ್ಟಿ. ಎರಡನೇ ಸಲ ಮಗುಚಿದ್ದೇ ಚೆಂಡಿನ ಹಾಗೆ ಉಬ್ಬಿತು. ಸಾಲಿನ ಹೆಂಗಸರೆಲ್ಲ ಒಟ್ಟಿಗೆ — ಇನ್ನು ನೀನು ಮದುವೆ ಮಾಡ್ಕೋಬಹುದು ಕಣೇ! ಹುಡುಗಿ ಮುಖ ಮುಚ್ಚಿಕೊಂಡು ಓಡಿದಳು. ಯಾರ ರೊಟ್ಟಿ ಮೊದಲ ಸಲ ಉಬ್ಬಿದರೂ ಇದೇ ಮಾತು, ಅಜ್ಜಿ ಕಾಲದಿಂದ. ಲಿಬ್ರಾದಾ ನಕ್ಕು ನನ್ನ ಕಡೆ ನೋಡಿದಳು. ಇದೇ ಸಮಯ ಅನ್ನಿಸಿತು. ಎದ್ದೆ. ಚೀಲ ಅವಳ ಕಾಲ ಬಳಿ ಇಳಿಸಿದೆ. ಬಾಯಿ ತೆರೆದೆ —

ಬೆನ್ನ ಹಿಂದೆ ದೋನ್ಯಾ ಚೋನಾ. ಬೆಳ್ಳುಳ್ಳಿ ತರಲು ಹೋದವಳು ಬಂದುಬಿಟ್ಟಿದ್ದಳು.

"ಏನು ಜೋಳದವನೇ, ಮುಖ ಯಾಕೆ ಬಾಡಿದ ಮೂಲಂಗಿ ಹಾಗಾಗಿದೆ?"

"ಏನಿಲ್ಲ ದೋನ್ಯಾ ಚೋನಾ. ಜೋಳ. ಎಂದಿನದೇ."

ಎಂದಿನದೇ! ದುಡ್ಡು ಕೊಟ್ಟಳು. ಅದನ್ನೂ ತಗೊಂಡೆ. ಓಡಿಬಂದೆ.

ಪಿಕಪ್‌ನಲ್ಲಿ ಅರ್ಧ ದಾರಿಗೆ ನೆನಪಾಯಿತು. ಎಂದಿನದು ಅಂದರೆ ಹೋದ ವರ್ಷದ ಜೋಳ. ಅರೆಯುವ ಮೊದಲು ಸಿಪ್ಪೆ ಬಿಡಲು ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸುತ್ತಾರೆ. ಹಳೆಯದು ಗಟ್ಟಿ, ಹೆಚ್ಚು ಹೊತ್ತು ಬೇಯಬೇಕು. ಹೊಸದು ಎಳೆಯದು. ಅದಕ್ಕೂ ಅಷ್ಟೇ ಸುಣ್ಣ ಹಾಕಿ ಅಷ್ಟೇ ಬೇಯಿಸಿದರೆ...

ಅವಳಿಗೆ ಗೊತ್ತಾಗುತ್ತದೆ. ಕಾಳು ಕಚ್ಚಿ ನೋಡುತ್ತಾಳೆ. ನೋಡದೇ ಇರುತ್ತಾಳೆಯೇ. ಫೋನ್ ಮಾಡೋಣವೆಂದರೆ ನಂಬರ್ ಇಲ್ಲ. ಹತ್ತು ವರ್ಷದಿಂದ ಜೋಳ ಕೊಡುತ್ತಿದ್ದೇನೆ, ನಂಬರ್ ಕೇಳುವ ಧೈರ್ಯ ಆಗಿಲ್ಲ.

ಡಿಸೆಂಬರ್ 8, ಭಾನುವಾರ

ಎತ್ಲಾಕ್ಕೆ ಹೋಗಿ ಹೇಳಿ ಬರೋಣ ಅಂತ ಎರಡು ಸಲ ಹೊರಟೆ. ಒಂದು ಸಲ ಬಸ್ ಸ್ಟಾಪ್‌ವರೆಗೆ. ಹೇಳಿದರೆ ಏನಂದುಕೊಳ್ಳುತ್ತಾಳೆ? ಜೋಳ ನೋಡಿದರೆ ನನಗೇ ಗೊತ್ತಾಗಲ್ವಾ ಅಂದರೆ? ಇಷ್ಟು ವರ್ಷ ಹಂಚಿನ ಮುಂದೆ ಕೂತವಳಿಗೆ ನಾನು ಪಾಠ ಹೇಳುವುದೇ? ವಾಪಸ್ ಬಂದೆ. ಈಗ ಹೇಳದೇ ಇದ್ದದ್ದಕ್ಕೆ ಟೆನ್ಶನ್.

ಡಿಸೆಂಬರ್ 11, ಬುಧವಾರ. ಸಂಜೆ

ನನ್ನ ಕನಸುಗಳು ಇದುವರೆಗೆ ನಿಜವಾಗಿದ್ದಿಲ್ಲ. ಹೊಳೆ ಬಂದು ಮನೆ ಕೊಚ್ಚಿಹೋಗಿಲ್ಲ. ಹಲ್ಲೆಲ್ಲ ಉದುರಿಲ್ಲ. ಇದೊಂದು ಆಯಿತು.

ನಾನು ಹೋಗುವ ಹೊತ್ತಿಗೆ ಹಿಟ್ಟು ಹಳದಿ. ಮುಟ್ಟಿದರೆ ಗೋಂದು. ರೊಟ್ಟಿ ಹಂಚಿಗೆ ಹಿಡಿದು ಎಬ್ಬಿಸಿದರೆ ಅರ್ಧ ಬರುತ್ತಿತ್ತು. ಬಂದದ್ದು ಸೋಪಿನ ವಾಸನೆ. ಗಿರಾಕಿಗಳು ಒಂದು ತುತ್ತು ತಿಂದು ಮಾತಿಲ್ಲದೆ ತಟ್ಟೆ ಇಟ್ಟು ಎದ್ದರು. ಬೈದಿದ್ದರೆ ವಾಸಿಯಿತ್ತು. ಲಿಬ್ರಾದಾಳ ಕಿವಿ ಕೆಂಪಾಗಿತ್ತು. ದೋನ್ಯಾ ಚೋನಾ ಎಲ್ಲರ ಎದುರಿಗೇ ಶುರು ಮಾಡಿದಳು. ಸೊಸೆಯ ಕೈ ಅಂದಾಜು ತಪ್ಪಿದೆ, ಸುಣ್ಣ ಸುರಿದಿದ್ದಾಳೆ, ಮನಸ್ಸು ಎಲ್ಲಿಟ್ಟಿದ್ದಳೋ.

ಲಿಬ್ರಾದಾ ಹಂಚು ಕೆರೆಯುತ್ತಿದ್ದಳು.

ನನ್ನ ಬಾಯಿ ಹೇಗೆ ತೆರೆಯಿತೋ. ನನ್ನ ಜೋಳ ಅದು, ಹೊಸದು, ಎಂದಿನದು ಅಂದದ್ದು ನಾನು ಅಂದೆ. ಬಹಳ ಜೋರಾಗಿ ಅಂದೆನೆಂದು ಕಾಣುತ್ತದೆ. ಕೋಳಿ ಮಾರುವವನೂ ತಿರುಗಿ ನೋಡಿದ.

ಮುದುಕಿ ಒಂದು ಹಿಡಿ ಕಾಳು ತರಿಸಿ ಹಲ್ಲಿಲ್ಲದ ಬಾಯಲ್ಲಿ ಹಾಕಿಕೊಂಡು, ಒಸಡಲ್ಲೇ ಒತ್ತಿ ನೋಡಿದಳು.

"ಹತ್ತು ವರ್ಷ ತಂದವನ ಜೋಳಾನ ಯಾರು ಕಚ್ಚಿ ನೋಡ್ತಾರೆ? ಜೋಳದವನಿಗೇ ಜೋಳ ಗೊತ್ತಿಲ್ಲ. ಹೋಗು, ಇದಕ್ಕೆ ಸುಣ್ಣ ಎಷ್ಟು, ಬೆಂಕಿ ಎಷ್ಟು ಅಂತ ಕಲಿತ್ಕೊಂಡು ಬಾ. ಅಲ್ಲೀವರೆಗೆ ನನ್ನ ಸ್ಟೂಲ್ ಮೇಲೆ ಕೂರ್ಬೇಡ."

ಎದ್ದೆ. ಲಿಬ್ರಾದಾ ಆಗ ತಲೆ ಎತ್ತಿ ನೋಡಿದಳು. ಸಿಟ್ಟಿನ ನೋಟವೋ? ಅಲ್ಲ ಅನ್ನಿಸಿತು. ಏನೋ ಲೆಕ್ಕ ಹಾಕುವ ನೋಟ. ಹೊಸ ಜೋಳವಾ, ಅಂತ ಮೆಲ್ಲಗೆ ಕೇಳಿದಳು. ಹೌದೆಂದೆ. ಮನೇಲಿ ಮಾಡಿದ್ರಾ ಇದರಲ್ಲಿ ಅಂದಳು. ಇಲ್ಲ ಅಂದೆ. ಮತ್ತೇನೂ ಕೇಳಲಿಲ್ಲ.

ಯಾಕೆ ಕೇಳಿದಳು?

ಡಿಸೆಂಬರ್ 12, ಗುರುವಾರ

ಗ್ವಾದಲೂಪೆ ಮಾತೆಯ ಹಬ್ಬ. ಬೆಳಗ್ಗೆಯಿಂದ ಪಟಾಕಿ. ಕನೇಲೊ ಮಂಚದ ಕೆಳಗೆ. ಮಾತೆಗೆ ಮೇಣದಬತ್ತಿ ಹಚ್ಚಿ ಬಂದೆ. ಕಲಿತುಕೊಂಡು ಬಾ ಅಂದಿದ್ದಾಳೆ ಮುದುಕಿ. ಬೈಗುಳವಿರಬಹುದು. ಆದರೂ ಬರಬೇಡ ಅನ್ನಲಿಲ್ಲವಲ್ಲ. ಬಾ ಅಂದಿದ್ದಾಳೆ. ದಿನವೆಲ್ಲ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಬಾ ಅಂದದ್ದು ಹೌದು.

ಡಿಸೆಂಬರ್ 15, ಭಾನುವಾರ

ಅಮ್ಮನ ಹಂಚು ಅಟ್ಟದಿಂದ ಇಳಿಸಿದೆ. ಒಡೆದಿಲ್ಲ. ಜೋಳ ಬೇಯಿಸಿ ರಾತ್ರಿಯಿಡೀ ನೆನೆಸಿ ಬೆಳಗ್ಗೆ ತೊಳೆದೆ. ಗಿರಣಿಗೆ ಒಯ್ದರೆ ಅಲ್ಲಿ ಹೆಂಗಸರ ಸಾಲು, ಮಾನ ಹೋಗುತ್ತದೆ. ಅಮ್ಮನ ಅರೆಯುವ ಕಲ್ಲನ್ನೇ ತೊಳೆದು ಮಂಡಿಯೂರಿ ಕೂತೆ. ಹೊಲ ಉಳುವುದು ಇದಕ್ಕಿಂತ ಸುಲಭ. ಅಮ್ಮ ಇದನ್ನು ದಿನಾ ಮಾಡುತ್ತಿದ್ದಳು, ಹಾಡಿಕೊಂಡು ಬೇರೆ.

ತಟ್ಟಿದ್ದು ಮೊದಲನೆಯದು ಬೆರಳ ಸಂದಿಯಿಂದ ಜಾರಿ ನೆಲಕ್ಕೆ. ಎರಡನೆಯದು ಮೆಕ್ಸಿಕೊ ದೇಶದ ನಕ್ಷೆ. ಮೂರನೆಯದು ಹಂಚಿಗೆ ಅಂಟಿಕೊಂಡಿತು — ಹಂಚಿಗೆ ಮೊದಲು ಸುಣ್ಣದ ನೀರು ಬಳಿಯಬೇಕು ಅನ್ನುವುದೇ ಮರೆತಿದ್ದೆ. ಕನೇಲೊಗೆ ಹಾಕಿದೆ. ಮೂಸಿ ನೋಡಿ, ನನ್ನ ಮುಖ ನೋಡಿ, ಹೊರಗೆ ಹೋಯಿತು.

ಡಿಸೆಂಬರ್ 18, ಬುಧವಾರ

ಸಂತೆಯ ಇನ್ನೊಂದು ತುದಿಯಲ್ಲಿ ಕೂತು ಜೋಳ ಮಾರಿದೆ. ಅಲ್ಲೇ ಪಕ್ಕದವರ ಹತ್ತಿರ ತಿಂದೆ. ಹೊಟ್ಟೆ ತುಂಬಿತು. ಅಷ್ಟೇ.

ಅಲ್ಲಿಗೂ ತಟ್ಟುವ ಸದ್ದು ಕೇಳುತ್ತದೆ. ಸಂತೆ ತುಂಬ ತಟ್ಟುವವರೇ. ಆದರೆ ಅವಳದು ಬೇರೆ. ಪಟ ಪಟ, ಒಂದು ಕ್ಷಣ ಸುಮ್ಮನೆ, ಪಟ್. ಕಣ್ಣು ಮುಚ್ಚಿಕೊಂಡು ಆ ಸದ್ದನ್ನು ಹುಡುಕುತ್ತಿದ್ದೆ. ಸಿಕ್ಕಿತು. ಅಷ್ಟು ದೂರದಿಂದ! ಯಾರೋ, ಏನ್ರೀ ಜೋಳ ಇದೆಯಾ ನಿದ್ದೆ ಮಾಡ್ತಿದೀರಾ ಅಂದರು.

ಡಿಸೆಂಬರ್ 23, ಸೋಮವಾರ

ಹೊಸ ಜೋಳಕ್ಕೆ ಅರ್ಧ ಹಿಡಿ ಸುಣ್ಣವೂ ಬೇಡ. ನೀರು ಕುದಿ ಬಂದ ಮೇಲೆ ಅಲ್ಲೇ ನಿಂತಿರಬೇಕು, ಆಚೆ ಈಚೆ ಹೋಗಬಾರದು. ಕಾಳು ತೆಗೆದು ಬೆರಳಲ್ಲಿ ಉಜ್ಜಿ, ಸಿಪ್ಪೆ ಜಾರಿದ್ದೇ ಇಳಿಸಿಬಿಡಬೇಕು. ನಿಂತು ನಿಂತು ನೋಡುವುದು ನನಗೆ ಬರುವ ಕೆಲಸವೇ. ಇದೊಂದರಲ್ಲಿ ನನ್ನ ಸ್ವಭಾವ ಉಪಯೋಗಕ್ಕೆ ಬಂತು.

ಹಿಟ್ಟು ಬೆಳ್ಳಗೆ ಬಂತು. ಮೆತ್ತಗೆ, ಕಿವಿಯ ತುದಿಯ ಹಾಗೆ. ರೊಟ್ಟಿ ಗುಂಡಗೆ, ಅಂದರೆ ಸುಮಾರು ಗುಂಡಗೆ. ಉಬ್ಬುವುದಿಲ್ಲ. ಕನೇಲೊ ಒಂದು ತಿಂದಿತು.

ತಟ್ಟುತ್ತಿರುವಾಗ ಗೋಡೆಯಾಚೆಯಿಂದ ಮಕ್ರಿನಾ ಕೂಗಿದಳು. ಪಕ್ಕದ ಮನೆ, ಸಂತೆಯಲ್ಲಿ ಲಿಬ್ರಾದಾಳ ಪಕ್ಕದಲ್ಲೇ ಚೀಸ್ ಮಾರುತ್ತಾಳೆ. ನಾನು ಕಲಿಯುತ್ತಿರುವುದು ಅವಳಿಗೆ ತಿಳಿದರೆ ಸಂತೆಗೇ ತಿಳಿದಂತೆ. ಒಲೆಗೆ ನೀರು ಹಾಕಿ ಬಾಗಿಲು ಮುಚ್ಚಿದೆ. ಯಾರ್ ಬಂದಿದಾರೆ ಎಲಾದಿಯೊ ಅಂದಳು. ಯಾರೂ ಇಲ್ಲ ಅಂದೆ. ಓಹೋ ಅಂದಳು.

ಓಹೋ ಅಂದದ್ದು ಯಾಕೆ?

ಜನವರಿ 8, ಬುಧವಾರ. ಸಂಜೆ

ಇಷ್ಟು ದಿನ ಬರೆಯಲಿಲ್ಲ. ದಿನಾ ತಟ್ಟಿದ್ದೇ ಕೆಲಸ. ಕ್ರಿಸ್ಮಸ್ ದಿನವೂ ತಟ್ಟಿದೆ. ನಿನ್ನೆ ಒಂದು ರೊಟ್ಟಿ ಉಬ್ಬಿತು! ಪೂರ್ತಿ ಅಲ್ಲ, ಒಂದು ಕಡೆ, ಹುಣ್ಣಿನ ಹಾಗೆ. ಆದರೂ ಉಬ್ಬಿತು. ಅದೇ ಧೈರ್ಯದಲ್ಲಿ ಇವತ್ತು ಹೋದೆ. ಸುಣ್ಣ ಎಷ್ಟು, ಬೆಂಕಿ ಎಷ್ಟು, ಎಲ್ಲ ಬಾಯಿಪಾಠ.

ಹೇಳುವುದಕ್ಕೇ ಆಗಲಿಲ್ಲ. ಲಿಬ್ರಾದಾ ನನ್ನನ್ನು ನೋಡಿ ಮುಖ ತಿರುಗಿಸಿದಳು. ಡಿಸೆಂಬರಿನಲ್ಲಿ ಇಲ್ಲದ ಸಿಟ್ಟು ಈಗ. ಸ್ಟೂಲ್ ತೋರಿಸಿದವಳು ಮುದುಕಿ, ಅದೂ ನಗುತ್ತ. ತಟ್ಟೆ ಬಂತು. ಅಂಚು ಕರುಕಲಾಗಿಲ್ಲ. ಬೇರೆಯವರಿಗೆ ಕೊಡುವಂಥದ್ದು.

"ಬಿಸಿ ರೊಟ್ಟಿ ಮನೇಲೇ ಇರೋರಿಗೆ ಸಂತೇಲಿ ಏನು ಕೆಲಸ, ದೋನ್ ಎಲಾದಿಯೊ?"

ಲಿಬ್ರಾದಾ ಇಷ್ಟೇ ಅಂದಳು. ಅಂಚು ಚಿವುಟುವಾಗ ಬೆರಳು ಸುಟ್ಟುಕೊಂಡಳು. ಅವಳು ಯಾವತ್ತೂ ಸುಟ್ಟುಕೊಳ್ಳುವವಳಲ್ಲ.

ಏನು ತಪ್ಪು ಮಾಡಿದೆ? ನಾನು ತಟ್ಟುವುದು ಅವಳಿಗೆ ಗೊತ್ತಾಗಿದೆಯೇ? ಗೊತ್ತಾದರೆ ನಗಬೇಕಿತ್ತು. ಸಿಟ್ಟು ಯಾಕೆ? ಮೆಮೆಲಾ ಅರ್ಧಕ್ಕೇ ಬಿಟ್ಟೆ. ಹತ್ತು ವರ್ಷದಲ್ಲಿ ಮೊದಲ ಸಲ.

ಜನವರಿ 9, ಗುರುವಾರ

ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಬೆಳಗ್ಗೆ ಮಕ್ರಿನಾ ಬಂದಳು, ಕೈಯಲ್ಲಿ ಚೀಸ್ ಉಂಡೆ. ನನಗೆ ಎಂದೂ ಬಿಟ್ಟಿ ಕೊಟ್ಟವಳಲ್ಲ. ಒಳಗೆ ಬಂದು ಪರದೆ ಸರಿಸಿ ನೋಡಿದಳು. ಹಿತ್ತಲಿಗೆ ಹೋಗಿ ನೋಡಿದಳು. ಹಗ್ಗದ ಮೇಲಿನ ಬಟ್ಟೆ ನೋಡಿದಳು, ನನ್ನ ಅಂಗಿಗಳೇ.

"ಎಲ್ಲಿ ಅವಳು?"

"ಯಾರಕ್ಕ?"

"ತಟ್ಟೋಳು. ಮೂರು ವಾರದಿಂದ ಕೇಳ್ತಾ ಇದೀನಿ. ಊರಿಗೇ ಗೊತ್ತು, ಮುಚ್ಚಿಟ್ಕೊಂಡಿದೀಯಾ ಅಂತ."

ತಟ್ಟುವ ಸದ್ದು ಬಂದರೆ ಆ ಮನೆಯಲ್ಲಿ ಹೆಂಗಸಿದ್ದಾಳೆ ಅಂತಲೇ ಅರ್ಥ. ನಾನೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಇದು ಹೊಳೆಯಲೇ ಇಲ್ಲ ನನಗೆ. ಇಲ್ಲದ್ದಕ್ಕೆಲ್ಲ ಹೆದರುವ ನಾನು ಇದೊಂದಕ್ಕೆ ಹೆದರಲಿಲ್ಲ! ಊರಲ್ಲಿ ಅವಳಿಗೆ ವಯಸ್ಸೂ ನಿಗದಿಯಾಗಿದೆಯಂತೆ, ಇಪ್ಪತ್ತು. ಗುಡ್ಡದಾಚೆಯವಳಂತೆ. ಕೈಗೆ ಇನ್ನೂ ರೂಢಿ ಬಂದಿಲ್ಲ, ಸದ್ದು ಕೇಳಿದರೆ ಗೊತ್ತಾಗುತ್ತದೆ, ಪಾಪ ಎಳೆ ಹುಡುಗಿ ಅಂತ ಮಕ್ರಿನಾ ಸಂತೆಯಲ್ಲಿ ಹೇಳಿದ್ದಾಳೆ. ಲಿಬ್ರಾದಾಳ ಎದುರಿಗೇ.

ನಾನೇ ಅಕ್ಕ, ನಾನೇ ತಟ್ಟುವುದು ಅಂದೆ. ನಕ್ಕಳು. ಗೋಡೆ ಹಿಡಿದುಕೊಂಡು ನಕ್ಕಳು. ತೋರಿಸುತ್ತೇನೆ ಅಂತ ಹಿಟ್ಟು ತಗೊಂಡೆ. ತಟ್ಟಿದ್ದೇ ಹರಿದು ಎರಡು ತುಂಡಾಯಿತು.

"ಬಿಡು ಎಲಾದಿಯೊ. ಸುಳ್ಳಾದ್ರೂ ನಂಬೋ ಹಾಗೆ ಹೇಳ್ಬೇಕು."

ಚೀಸ್ ವಾಪಸ್ ತಗೊಂಡು ಹೋದಳು.

ಜನವರಿ 12, ಭಾನುವಾರ

ಊಟ ಸೇರುತ್ತಿಲ್ಲ. ಇಷ್ಟು ವರ್ಷ ಹೇಳದೇ ಇದ್ದರೂ ನಡೆಯುತ್ತಿತ್ತು — ಬುಧವಾರ ಇತ್ತು, ಸ್ಟೂಲ್ ಇತ್ತು, ಕರುಕಲು ಅಂಚಿತ್ತು. ಈಗ ಅದೂ ಹೋಗುತ್ತದೆ. ಬರುವ ಬುಧವಾರ ಹೇಳದಿದ್ದರೆ ಇನ್ನಿಲ್ಲ. ಮಾತಲ್ಲಿ ಹೇಳಲು ನನಗೆ ಬರುವುದಿಲ್ಲ. ಹಿಟ್ಟು ತಗೊಂಡೇ ಹೋಗುತ್ತೇನೆ.

ಜನವರಿ 15, ಬುಧವಾರ. ಸಂಜೆ

ಕ್ರಮವಾಗಿ ಬರೆಯಬೇಕು, ಒಂದನ್ನೂ ಬಿಡಬಾರದು.

ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಕೆಟ್‌ನಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಹೋದೆ, ಮಗುವಿನ ಹಾಗೆ. ದಾರಿಯಲ್ಲಿ ಮೂರು ಸಲ ಬಟ್ಟೆ ತೆಗೆದು ನೋಡಿದೆ. ಎದುರಿಗೆ ಮಕ್ರಿನಾ ಕೂತಿದ್ದಳು. ಅವಳು ಕಟ್ಟಿಕೊಟ್ಟ ಬುತ್ತಿಯಾ ಅಂದಳು. ಗಾಡಿಯೆಲ್ಲ ನಗು.

ಅಂಗಡಿ ತುಂಬ ಜನ. ನಾನು ಸ್ಟೂಲ್ ಮೇಲೆ ಕೂರಲಿಲ್ಲ. ನೇರ ಹಂಚಿನ ಹತ್ತಿರ ಹೋಗಿ ನಿಂತೆ. ಲಿಬ್ರಾದಾ ತಲೆ ಎತ್ತಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ಮಕ್ರಿನಾ ಚೀಸ್ ಬುಟ್ಟಿಯ ಹಿಂದಿನಿಂದ ಎಲ್ಲರಿಗೂ ಹೇಳಿಬಿಟ್ಟಳು: ಮನೆಯಲ್ಲಿ ಯಾರೂ ಇಲ್ಲವಂತೆ, ಇವನೇ ತಟ್ಟುತ್ತಾನಂತೆ! ಮತ್ತೆ ನಗು. ಲಿಬ್ರಾದಾಳ ಕೈ ಮಾತ್ರ ನಿಂತಿತು. ಪಟ ಪಟ — ಆಮೇಲೆ ಇಲ್ಲ.

ದೋನ್ಯಾ ಚೋನಾ ನಗಲಿಲ್ಲ.

"ಹಂಚು ಬಿಡು ಅವನಿಗೆ," ಅಂದಳು ಸೊಸೆಗೆ. "ತಟ್ಟಲಿ, ನೋಡೋಣ."

ಕೈ ತೊಳೆದೆ. ಲಿಬ್ರಾದಾ ಎದ್ದು ಪಕ್ಕಕ್ಕೆ ನಿಂತಳು. ಅವಳ ಜಾಗದಲ್ಲಿ ಕೂತೆ. ನೆಲದ ಹತ್ತಿರ, ಒಲೆಯ ಕಾವು ಮುಖಕ್ಕೆ. ಹತ್ತು ವರ್ಷ ಈಚೆಯಿಂದ ನೋಡಿದ್ದೆ. ಅಲ್ಲಿಂದ ನೋಡಿದರೆ ಸ್ಟೂಲ್ ಮೇಲೆ ಕೂತವರ ಮುಖವೆಲ್ಲ ಕಾಣುತ್ತದೆ. ನನ್ನ ಮುಖವೂ ಹೀಗೇ ಕಾಣುತ್ತಿತ್ತೇನೋ ಪ್ರತಿ ಬುಧವಾರ. ಎಲ್ಲವೂ.

ಮೊದಲನೆಯದು ಹರಿಯಿತು. ಕೋಳಿಯವನು ಸೀಟಿ ಹೊಡೆದ. ಎರಡನೆಯದು ಹಂಚಿಗೆ ಬಿದ್ದು ಮಡಚಿಕೊಂಡಿತು. ಯಾರೋ, ಸಾಕು ಬಿಡಿ ಪಾಪ ಅಂದರು. ಮೂರನೆಯದಕ್ಕೆ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೆ ನನಗೆ ಒಂದೇ ಸದ್ದು ಕೇಳುವುದು. ಪಟ ಪಟ, ಒಂದು ಕ್ಷಣ ಸುಮ್ಮನೆ, ಪಟ್. ಹಾಗೇ ತಟ್ಟಿದೆ. ಹಂಚಿಗೆ ಹಾಕಿದೆ. ಅಂಚು ಎದ್ದಾಗ ಮಗುಚಿದೆ. ಕಾದೆ. ಇನ್ನೊಮ್ಮೆ ಮಗುಚಿ ಬೆರಳ ತುದಿಯಲ್ಲಿ ಮೆಲ್ಲಗೆ ಒತ್ತಿದೆ.

ನಡುವೆ ಒಂದು ಗುಳ್ಳೆ. ಅದರ ಪಕ್ಕ ಇನ್ನೊಂದು. ಎರಡೂ ಸೇರಿದವು. ಆಮೇಲೆ ರೊಟ್ಟಿ ಒಂದು ಉಸಿರು ಎಳೆದುಕೊಂಡ ಹಾಗೆ, ಪೂರ್ತಿ, ಈ ಅಂಚಿಂದ ಆ ಅಂಚಿಗೆ ಉಬ್ಬಿ ನಿಂತಿತು.

ಸಾಲಿನ ಹೆಂಗಸರು ಯಾರೂ ಆ ಮಾತು ಹೇಳಲಿಲ್ಲ. ಗಂಡಸಿಗೆ ಯಾರೂ ಹೇಳಿದ್ದಿಲ್ಲವಲ್ಲ. ಎಲ್ಲರೂ ಮುದುಕಿಯ ಮುಖ ನೋಡಿದರು. ಮುದುಕಿ ರೊಟ್ಟಿ ನೋಡಿದಳು. ಸೊಸೆಯನ್ನು ನೋಡಿದಳು. ತೀರಿಹೋದ ಮಗನ ಹೆಂಡತಿಯನ್ನು ಇಷ್ಟು ವರ್ಷ ಬೆಕ್ಕಿನ ಹಾಗೆ ಕಾದವಳು.

"ಎಲಾದಿಯೊ," ಅಂದಳು. ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದು ಇದೇ ಮೊದಲು. "ಇನ್ನು ನೀನು ಮದುವೆ ಮಾಡ್ಕೋಬಹುದು."

ಆಗ ನೋಡಬೇಕಿತ್ತು. ಕೂಗು, ಚಪ್ಪಾಳೆ. ಮಕ್ರಿನಾ ಚೀಸ್ ಬುಟ್ಟಿ ಬಿಟ್ಟು ಬಂದು ನನ್ನ ಅಂಗೈ ಮಗುಚಿ ಮಗುಚಿ ನೋಡಿದಳು, ಒಳಗೆ ಯಾರಾದರೂ ಹುಡುಗಿ ಅಡಗಿದ್ದಾಳೋ ಅನ್ನುವ ಹಾಗೆ.

ಲಿಬ್ರಾದಾ ಆ ರೊಟ್ಟಿ ತಗೊಂಡಳು. ಮುರಿದಳು, ಆವಿ ಬಂತು. ಉಪ್ಪು ಉದುರಿಸಿ ನಿಂತೇ ತಿಂದಳು. ಅರ್ಧ ಅತ್ತೆಗೆ ಕೊಟ್ಟಳು.

"ಸುಣ್ಣ ಸರಿಯಾಗಿದೆ," ಅಂದಳು. ಆಮೇಲೆ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ, "ಆವತ್ತು ಮನೇಲಿ ಒಂದು ರೊಟ್ಟೀನೂ ಮಾಡದೆ ಹೊಸ ಜೋಳ ನಮಗೆ ಯಾಕೆ ತಂದ್ರಿ? ಆವತ್ತಿಂದ ಯೋಚನೆ ಮಾಡ್ತಾನೇ ಇದೀನಿ. ಮೊದಲ ರೊಟ್ಟಿ ಮನೆಯವರಿಗಲ್ವಾ?"

ಬರೆದುಕೊಂಡು ಅಭ್ಯಾಸ ಮಾಡಿದ ಮಾತು ಒಂದೂ ನೆನಪಾಗಲಿಲ್ಲ.

"ಮನೆಯವರಿಗೇ ಅಂತ ತಂದೆ."

ಇಷ್ಟೇ ಅಂದದ್ದು. ಅವಳ ಕಿವಿ ಕೆಂಪಾಯಿತು. ಏಳಿ, ಗಿರಾಕಿಗಳು ಕಾಯ್ತಿದಾರೆ ಅಂದಳು. ಎದ್ದು ಹೋಗಿ ನನ್ನ ಸ್ಟೂಲ್ ಮೇಲೆ ಕೂತೆ. ತಟ್ಟೆ ಬಂತು. ಅಂಚು ಎಷ್ಟು ಕರುಕಲು ಅಂದರೆ, ಇಂಥದ್ದು ಇಷ್ಟು ವರ್ಷದಲ್ಲಿ ಕೊಟ್ಟಿಲ್ಲ. ಬೀನ್ಸ್ ಬಿಸಿ, ಗಸಿ ಅಂಚಿಗೆ ಹರಿದು ಬೆರಳಿಗೆ ತಾಗಿತು, ಮೊಣಕೈವರೆಗೆ ಇಳಿಯಿತು. ನೆಕ್ಕಿಕೊಂಡೆ. ಎಲ್ಲರೂ ನೋಡುತ್ತಿದ್ದರು. ನೋಡಲಿ.

ಎರಡನೆಯದಕ್ಕೆ ಕೈ ಹಾಕಿದಾಗಲೂ ಯೋಚನೆ ಬರಲಿಲ್ಲ. ಮೂರನೆಯದಕ್ಕೂ.

(ಅವಳು ಹೂಂ ಅಂದಳೇ? ಬಾಯಿಬಿಟ್ಟು ಅನ್ನಲಿಲ್ಲ. ಏಳಿ ಅಂದಳು. ಅದು ಹೂಂ ಆಗುತ್ತದೆಯೇ?)

ಜನವರಿ 26, ಭಾನುವಾರ

ಹೆಣ್ಣು ಕೇಳಲು ಹೋದೆವು. ಅಮ್ಮನ ತಂಗಿ ಮುಂದೆ, ಬ್ರೆಡ್ಡಿನ ಬುಟ್ಟಿ, ಚಾಕೊಲೇಟ್, ಮೆಸ್ಕಾಲ್ ಬಾಟಲಿ, ಹೂವು. ಸೊಸೆಯನ್ನು ಅತ್ತೆಯ ಹತ್ತಿರ ಕೇಳುವುದು ಹೇಗೆ ಅಂತ ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ. ದೋನ್ಯಾ ಚೋನಾ ಬಾಗಿಲಲ್ಲೇ ಬಹಳ ಹೊತ್ತು ನಿಲ್ಲಿಸಿದಳು. ಬ್ರೆಡ್ ಒತ್ತಿ ನೋಡಿದಳು. ಮೆಸ್ಕಾಲ್ ಮೂಸಿದಳು.

"ನಿನ್ನ ಮನೇಲಿ ನನ್ನ ಕುರ್ಚಿ ಎಲ್ಲಿ ಇಡ್ತೀಯಾ ಅದು ಹೇಳು ಮೊದಲು. ಆಮೇಲೆ ಮದುವೆ ಮಾತು."

ಒಲೆಯ ಬಲಕ್ಕೆ ಅಂದೆ. ಅಲ್ಲಿ ಬಿಸಿಲೂ ಬರುತ್ತದೆ, ರಸ್ತೆಯೂ ಕಾಣುತ್ತದೆ, ಅಮ್ಮ ಅಲ್ಲೇ ಕೂರುತ್ತಿದ್ದದ್ದು. ಅವಳು ಕಣ್ಣು ಒರೆಸಿಕೊಂಡು, ಹೊಗೆ ಅಂದಳು. ಒಲೆ ಹಚ್ಚಿರಲಿಲ್ಲ.

ಲಿಬ್ರಾದಾ ಒಳಗಿನಿಂದ ಹೂಂ ಅಂದಳು. ಈ ಸಲ ಬಾಯಿಬಿಟ್ಟು. ಚಿಕ್ಕಮ್ಮನೂ ಕೇಳಿಸಿಕೊಂಡಳು, ವಿಚಾರಿಸಿದ್ದೇನೆ.

ಮಾರ್ಚ್ 4, ಮಂಗಳವಾರ. ಮುಸ್ಸಂಜೆ

ಶನಿವಾರ ಮದುವೆ ಆಯಿತು. ಉಪವಾಸದ ದಿನಗಳು ಬರುವ ಮೊದಲು ಮುಗಿಸಬೇಕೆಂದು ಪಾದ್ರಿ ಅವಸರ ಮಾಡಿದರು. ಬ್ಯಾಂಡು, ಟರ್ಕಿ ಕೋಳಿ, ಮಕ್ರಿನಾಳ ಕುಣಿತ. ಮಳೆ ಬರುತ್ತದೆ ಅಂತ ಹೆದರಿದ್ದೆ. ಮಾರ್ಚಿನಲ್ಲಿ ಎಲ್ಲಿಯ ಮಳೆ ಅಂತ ಎಲ್ಲರೂ ಬೈದರು. ಬರಲಿಲ್ಲ.

ನಾಳೆ ಬೂದಿ ಬುಧವಾರ, ಉಪವಾಸ ಶುರು, ಸಂತೆಯೂ ಇದೆ. ಹಂದಿ ಗಸಿ ಇಲ್ಲ, ಬೀನ್ಸ್, ಚೀಸ್ ಅಷ್ಟೇ. ದೋನ್ಯಾ ಚೋನಾ ಕುರ್ಚಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವವರಿಗೆಲ್ಲ ಒಂದೊಂದು ಮಾತು ಅನ್ನುತ್ತಿದ್ದಾಳೆ. ಕನೇಲೊ ಅವಳ ಕಾಲ ಬಳಿ. ನನ್ನ ಕಡೆ ಬರುವುದೇ ಇಲ್ಲ ಈಗ. ಒಲೆ ಮೇಲೆ ನೀರು ಕುದಿಯುತ್ತಿದೆ. ಲಿಬ್ರಾದಾ ಸುಣ್ಣದ ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ನರ್ಸ್ ಹೇಳಿದ ಹಾಗೆ ಬರೆದು ಮಲಗುವ ಅಭ್ಯಾಸ. ಇವತ್ತು ಬರೆಯಲು ಕೂತರೆ ತಲೆಯಲ್ಲಿ ಸುತ್ತುವುದು ಏನೂ ಸಿಗುತ್ತಿಲ್ಲ. ಇದೂ ಒಂದು ಯೋಚನೆಯೇ...

ಜೋಳದ ಚೀಲ ಬೆಳಗ್ಗೆಯೇ ತಂದಿಟ್ಟೆ. ಕಚ್ಚಿ ನೋಡಿದೆ. ಮಧ್ಯಾಹ್ನ ಮತ್ತೆ ಕಚ್ಚಿ ನೋಡಿದೆ. ಈಗ ಬರೆಯುವ ಮೊದಲೂ. ಯಾರಾದರೂ ನೋಡಿದರೆ, ಸಾಕು ಬಿಡೋ ಎಲಾದಿಯೊ, ಎಷ್ಟು ಸಲ ನೋಡ್ತೀಯಾ ಅನ್ನುತ್ತಿದ್ದರು. ಹುಟ್ಟಿದಾಗಿನಿಂದ ಎಲ್ಲರೂ ಅದನ್ನೇ ಅಂದದ್ದು.

ಕರೆಯುತ್ತಿದ್ದಾಳೆ —

"ಎಲಾದಿಯೊ, ಒಲೆ ಪಕ್ಕದ ಚೀಲ ಹೊಸದೋ ಹಳೇದೋ? ಇನ್ನೊಂದ್ಸಲ ಕಚ್ಚಿ ನೋಡಿ ಹೇಳಿ, ಆಮೇಲೆ ಸುಣ್ಣ ಹಾಕ್ತೀನಿ."